ಪುಟ್ಟ ನಾಯಿಗೆ ಸಿಸೇರಿಯನ್: ದಿನ ಎಣಿಸುವುದು ಎಲ್ಲಿಂದ?

ರಾತ್ರಿ 10.30 ದಾಟಿದ ಮೇಲೆ ನಮ್ಮ ಮನೆಯ ಫೋನು ಬಡಿದುಕೊಂಡರೆ ಸಾಮಾನ್ಯವಾಗಿ ಯಾರಿಗೋ ಎದೆನೋವು, ಇಲ್ಲವೇ ಯಾವುದೋ ಮಗುವಿಗೆ ಜ್ವರ. ಅಂದು ಕರೆ ಬಂದದ್ದು ಹಿಂದಿನ ಬೀದಿಯ ನಿವೃತ್ತ ಮೇಷ್ಟರ ಮನೆಯಿಂದ. "ಡಾಕ್ಟ್ರೇ, ಚಿನ್ನಿಗೆ ನೋವು ಶುರುವಾಗಿ ಮೂರು ಗಂಟೆ ಆಯ್ತು. ಮರಿ ಬರ್ತಾ ಇಲ್ಲ. ದನದ ಡಾಕ್ಟ್ರು ಫೋನ್ ಎತ್ತುತ್ತಿಲ್ಲ. ಹೆಂಗಸರಿಗೆ ನೋವು ಬರಲಿ ಅಂತ ಕೊಡ್ತೀರಲ್ಲ, ಆ ಇಂಜೆಕ್ಷನ್ ಒಂದು ಹಾಕಿಬಿಡಿ" ಎಂದರು. ಚಿನ್ನಿ ಎಂದರೆ ಅವರ ಮನೆಯ 4 ಕಿಲೋ ತೂಕದ ಬಿಳಿ ಪಾಮೆರೇನಿಯನ್.

ಇಂಜೆಕ್ಷನ್ ಹಾಕಲಿಲ್ಲ. ಹೋಗಿ ನೋಡಿದೆ. ಹಾಸಿದ್ದ ಹಳೆಯ ಸೀರೆಯ ಮೇಲೆ ಕಡುಹಸಿರು ಕಲೆ ಇತ್ತು. ನಾಯಿ ಮುಕ್ಕಿ ಮುಕ್ಕಿ ಸುಸ್ತಾಗಿತ್ತು. ಪರಿಚಯದ ಪಶುವೈದ್ಯರೊಬ್ಬರನ್ನು ಫೋನಿನಲ್ಲಿ ಎಬ್ಬಿಸಿ, ಮೇಷ್ಟರ ಮಗನ ಕಾರಿನಲ್ಲಿ 40 ಕಿಲೋಮೀಟರು ಹೋಗಿ ಸೇರುವಷ್ಟರಲ್ಲಿ ನಡುರಾತ್ರಿ ಕಳೆದಿತ್ತು. ಸಿಸೇರಿಯನ್ ಆಯಿತು. ನಾಲ್ಕು ಮರಿಗಳಲ್ಲಿ ಮುಂದಿನದು ಕತ್ತು ಪಕ್ಕಕ್ಕೆ ತಿರುಗಿ ದಾರಿಗೆ ಅಡ್ಡವಾಗಿ ಸಿಕ್ಕಿಕೊಂಡು ಸತ್ತಿತ್ತು. ಮೂರು ಬದುಕಿದವು. ಅಂದು ನಾನು ಆಕ್ಸಿಟೋಸಿನ್ ಕೊಟ್ಟಿದ್ದರೆ ಗರ್ಭಕೋಶ ಆ ಅಡ್ಡ ಬಿದ್ದ ಮರಿಯನ್ನು ಬಲವಂತವಾಗಿ ಒತ್ತುತ್ತಿತ್ತು. ಮಾಸು ಬೇಗ ಕಳಚಿ ಉಳಿದ ಮೂರಕ್ಕೂ ಉಸಿರು ನಿಲ್ಲುತ್ತಿತ್ತು. ಗರ್ಭಕೋಶವೇ ಹರಿದುಹೋಗಬಹುದಿತ್ತು. ದಾರಿ ತೆರೆದಿದೆಯೇ, ಮರಿ ನೇರವಾಗಿದೆಯೇ ಎಂದು ತಿಳಿಯದೆ ಈ ಮದ್ದನ್ನು ಯಾವ ತಾಯಿಗೂ ಕೊಡಬಾರದು, ಅವಳು ನಾಲ್ಕು ಕಾಲಿನವಳಾದರೂ ಸರಿಯೇ.

ಮನುಷ್ಯರ ವೈದ್ಯರಿಗೆ ನಾಯಿಯ ಬಾಣಂತನದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ತಾಯಿ ಮಗು ಇಬ್ಬರೂ ಉಳಿದ ಮೊದಲ ಸಿಸೇರಿಯನ್ 1500ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತೆಂದೂ, ಮಾಡಿದವನು ಹಂದಿಗಳ ಬೀಜ ತೆಗೆಯುವ ಕಸುಬಿನವನೆಂದೂ ಒಂದು ಕತೆಯಿದೆ. ನಿಜವೋ ಸುಳ್ಳೋ, ನಂಟಂತೂ ಹಳೆಯದು. ಆದರೆ ನಾನು ಬರೆಯಲು ಕಾರಣ ಬೇರೆ. ಊರಿನಲ್ಲಿ ಪಶುವೈದ್ಯರು ಸಿಗದಿದ್ದಾಗ ಜನ ಬರುವುದು ನಮ್ಮಂಥವರ ಬಳಿಗೇ. ಮನುಷ್ಯರ ಬಾಣಂತನದಲ್ಲಿ ನಾವು ಕಲಿತದ್ದರಲ್ಲಿ ಎಷ್ಟೋ ಸಂಗತಿ ನಾಯಿಯಲ್ಲಿ ತಲೆಕೆಳಗಾಗುತ್ತದೆ. ಇದನ್ನು ನಾನು ತಿಳಿದದ್ದು ಚಿನ್ನಿಯಿಂದ, ಸ್ವಲ್ಪ ಮಟ್ಟಿಗೆ ನನ್ನದೇ ತಪ್ಪಿನಿಂದ. ಆ ತಪ್ಪಿನ ವಿಷಯ ಮುಂದೆ ಹೇಳುತ್ತೇನೆ. ಇಲ್ಲಿ ಬರೆದದ್ದನ್ನು ಆ ಪಶುವೈದ್ಯ ಮಿತ್ರರಿಗೆ ಓದಿ ಹೇಳಿ ತಿದ್ದಿಸಿಕೊಂಡಿದ್ದೇನೆ.

ಯಾವ ನಾಯಿಗೆ ಬೇಕು?

ಪುಟ್ಟ ನಾಯಿಗಳೆಲ್ಲಕ್ಕೂ ಸಿಸೇರಿಯನ್ ಬೇಕಿಲ್ಲ. ನಮ್ಮಲ್ಲಿ ಪಾಮೆರೇನಿಯನ್ ಎಂದು ಕರೆಯುವ ನಾಯಿಗಳಲ್ಲಿ ಹೆಚ್ಚಿನವು ನಿಜಕ್ಕೆ ಇಂಡಿಯನ್ ಸ್ಪಿಟ್ಜ್. ಅವುಗಳಲ್ಲಿ ಬಹುಪಾಲು ಮಂಚದ ಕೆಳಗೆ ಯಾರಿಗೂ ಹೇಳದೆ ಈದು ಮುಗಿಸುತ್ತವೆ. ತೊಂದರೆ ಹೆಚ್ಚು ಇರುವುದು ಮೂತಿ ಚಪ್ಪಟೆಯಾದ ತಳಿಗಳಲ್ಲಿ. ಮರಿಯ ತಲೆ ದಪ್ಪ, ತಾಯಿಯ ಸೊಂಟದ ಮೂಳೆಯ ದಾರಿ ಕಿರಿದು. ಬ್ರಿಟನ್ನಿನಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ ಬಾಸ್ಟನ್ ಟೆರಿಯರ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ಈ ಮೂರು ತಳಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಸೂಲುಗಳು ಸಿಸೇರಿಯನ್ನಿನಿಂದಲೇ ಆಗಿದ್ದವು. ನಮ್ಮಲ್ಲಿ 2003ರ ಮೊಬೈಲ್ ಜಾಹೀರಾತಿನ ನಂತರ ಮನೆಮನೆಗೆ ಬಂದ ಪಗ್ ಕೂಡ ಇದೇ ಜಾತಿಯ ಮೂತಿಯದು.

ಪುಟ್ಟ ನಾಯಿಗಳಲ್ಲಿ ಇನ್ನೊಂದು ತೊಂದರೆ ಒಂಟಿ ಮರಿಯದು. ಹೆರಿಗೆ ಆರಂಭವಾಗಲು ಮರಿಗಳಿಂದಲೇ ತಾಯಿಗೆ ಸೂಚನೆ ಹೋಗಬೇಕು. ಹೊಟ್ಟೆಯಲ್ಲಿ ಒಂದೇ ಮರಿಯಿದ್ದರೆ ಆ ಸೂಚನೆ ಸಾಲದೆ ನೋವೇ ಬಾರದಿರಬಹುದು. ಜೊತೆಗೆ ಇರುವ ಜಾಗವೆಲ್ಲ ತನ್ನದೇ ಆದ್ದರಿಂದ ಮರಿ ದಪ್ಪವಾಗಿ ಬೆಳೆದಿರುತ್ತದೆ. ಹಿಂದೆ ಸೊಂಟ ಮುರಿದಿದ್ದ ನಾಯಿ, ಹಿಂದಿನ ಸಲ ಕಷ್ಟದ ಹೆರಿಗೆಯಾಗಿದ್ದ ನಾಯಿ, ಇವಕ್ಕೂ ಮೊದಲೇ ನಿಶ್ಚಯ ಮಾಡಿಕೊಳ್ಳುವುದು ಒಳ್ಳೆಯದು. ಗಬ್ಬದ 55ನೇ ದಿನದ ನಂತರ ತೆಗೆದ ಒಂದು ಎಕ್ಸ್‌ರೇಯಲ್ಲಿ ಮರಿಗಳ ತಲೆಬುರುಡೆ, ಬೆನ್ನೆಲುಬು ಸ್ಪಷ್ಟವಾಗಿ ಕಂಡು ಎಷ್ಟು ಮರಿ ಎಂದು ಎಣಿಸಬಹುದು. ಆ ವೇಳೆಗೆ ಒಂದು ಎಕ್ಸ್‌ರೇ ತೆಗೆಸಿದರೆ ಮರಿಗಳಿಗೆ ಹಾನಿಯಿಲ್ಲ. ಗರ್ಭಿಣಿ ಹೆಂಗಸರಿಗೆ ಎಕ್ಸ್‌ರೇ ಬೇಡ ಎಂದು ನಾವು ಹೇಳುವುದನ್ನು ಕೇಳಿ ಕೇಳಿ ಮೇಷ್ಟರು ಚಿನ್ನಿಗೂ ಬೇಡವೆಂದಿದ್ದರು.

ಲೆಕ್ಕ ತಪ್ಪುವುದು ಎಲ್ಲಿ?

ನಾಯಿಯ ಗಬ್ಬ 63 ದಿನ ಎಂದು ಎಲ್ಲರಿಗೂ ಗೊತ್ತು. ಎಲ್ಲಿಂದ 63 ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕೂಡಿಸಿದ ದಿನದಿಂದ ಅಲ್ಲ, ತಾಯಿಯ ಅಂಡ ಹೊರಬಂದ ದಿನದಿಂದ. ಅಲ್ಲಿಂದ ಎಣಿಸಿದರೆ ಒಂದು ದಿನ ಹಿಂದೆ ಮುಂದೆ, ಅಷ್ಟೆ. ಗಂಡುನಾಯಿಯ ವೀರ್ಯಾಣು ಹೆಣ್ಣಿನ ಗರ್ಭಕೋಶದಲ್ಲಿ ಆರೇಳು ದಿನ ಜೀವಂತವಾಗಿರಬಲ್ಲದು. ಆದ್ದರಿಂದ ಬೆದೆಯ ಆರಂಭದಲ್ಲೇ ಕೂಡಿದ್ದರೆ ಗರ್ಭ ನಿಲ್ಲುವುದು ವಾರದ ನಂತರ ಇರಬಹುದು. ಅಂಡ ಬಂದು ನಾಲ್ಕು ದಿನವಾದ ಮೇಲೆ ಕೂಡಿದ್ದರೆ ಲೆಕ್ಕ ಈ ಕಡೆಗೆ ಜಾರುತ್ತದೆ. ಹೀಗಾಗಿ ಕೂಡಿಸಿದ ದಿನದಿಂದ ಎಣಿಸಿದಾಗ ಹೆರಿಗೆ 57ನೇ ದಿನವೂ ಆಗಬಹುದು, 72ನೇ ದಿನವೂ ಆಗಬಹುದು. ಎರಡೂ ಸಹಜವೇ.

ಚಿನ್ನಿಯ ವಿಷಯದಲ್ಲಿ ಮೇಷ್ಟರು ಕ್ಯಾಲೆಂಡರಿನಲ್ಲಿ 63ನೇ ದಿನಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಇಟ್ಟಿದ್ದರು. ನೋವು ಬಂದದ್ದು 59ಕ್ಕೆ. ಇನ್ನೂ ನಾಲ್ಕು ದಿನವಿದೆ ಎಂದುಕೊಂಡಿದ್ದರಿಂದ ವೈದ್ಯರ ನಂಬರು, ಕಾರು, ಪೆಟ್ಟಿಗೆ ಯಾವುದೂ ಸಿದ್ಧವಿರಲಿಲ್ಲ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು ಬದಿಯದು. ಕೂಡಿಸಿದ ಆರನೇ ದಿನ ಗರ್ಭ ಕಟ್ಟಿದ ನಾಯಿಗೆ, ಕ್ಯಾಲೆಂಡರು ನೋಡಿ 63ನೇ ದಿನವೆಂದು ಹೊಟ್ಟೆ ಕೊಯ್ದರೆ ಒಳಗಿನ ಮರಿಗಳಿಗೆ ಆಗಿರುವುದು 57 ದಿನ ಮಾತ್ರ. ಅವು ಉಳಿಯುವುದು ಕಷ್ಟ.

ಮನುಷ್ಯರಲ್ಲಿ ಹತ್ತು ದಿನ ಮೊದಲು ಸಿಸೇರಿಯನ್ ಮಾಡಿದರೆ ಸಾಮಾನ್ಯವಾಗಿ ಮಗುವಿಗೆ ಏನೂ ಆಗುವುದಿಲ್ಲ. ಆ ಧೈರ್ಯದಿಂದಲೇ ಜನ ಮುಹೂರ್ತ ನೋಡಿಸಿಕೊಂಡು ಬರುತ್ತಾರೆ. ನಾಯಿಗೆ ಯಾರೂ ಮುಹೂರ್ತ ಕೇಳುವುದಿಲ್ಲ ನಿಜ. ಆದರೆ "ಭಾನುವಾರ ರಜೆ ಇದೆ, ಅಂದೇ ಮಾಡಿಬಿಡಿ" ಎನ್ನುತ್ತಾರೆ. ನಮ್ಮ 280 ದಿನವನ್ನು ನಾಯಿ 63 ದಿನದಲ್ಲಿ ಮುಗಿಸಬೇಕು. ಅದರ ಒಂದು ದಿನ ನಮ್ಮ ನಾಲ್ಕು ದಿನಕ್ಕೂ ಮಿಗಿಲು. ಅದಲ್ಲದೆ ಮರಿಯ ಶ್ವಾಸಕೋಶ ಗಾಳಿಗೆ ಹಿಗ್ಗಲು ಬೇಕಾದ ಜಿಡ್ಡಿನ ಪದಾರ್ಥ ತಯಾರಾಗುವುದು ಕೊನೆಯ ಕೆಲವೇ ದಿನಗಳಲ್ಲಿ. ಎರಡು ಮೂರು ದಿನ ಮೊದಲೇ ಹೊರತೆಗೆದ ಮರಿ ಒಂದೆರಡು ಸಲ ಬಾಯಿ ತೆರೆದು ಸುಮ್ಮನಾಗಿಬಿಡಬಹುದು. ನಮ್ಮಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುವನ್ನು ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸುತ್ತೇವೆ. 120 ಗ್ರಾಂ ತೂಗುವ ನಾಯಿಮರಿಗೆ ಉಸಿರಾಟದ ಯಂತ್ರ ಎಲ್ಲಿಂದ ತರುವುದು?

ಸರಿಯಾದ ದಿನ ತಿಳಿಯುವ ಅತ್ಯುತ್ತಮ ವಿಧಾನ ಬೆದೆಯ ಕಾಲದಲ್ಲೇ ರಕ್ತದ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿಕೊಳ್ಳುವುದು. ಈ ಹಾರ್ಮೋನು ಮನುಷ್ಯರಲ್ಲೂ ನಾಯಿಯಲ್ಲೂ ಒಂದೇ ವಸ್ತು. ಆದ್ದರಿಂದ ನಾವು ಹೆಂಗಸರ ರಕ್ತ ಕಳಿಸುವ ಪ್ರಯೋಗಾಲಯದಲ್ಲೇ ನಾಯಿಯದ್ದನ್ನೂ ಅಳೆಯಬಹುದು. ಕೆಲವರು ಒಪ್ಪುತ್ತಾರೆ, ಕೆಲವರು ಮೂಗು ಮುರಿಯುತ್ತಾರೆ. ಒಂದು ಮಿಲಿಲೀಟರಿಗೆ 5 ನ್ಯಾನೋಗ್ರಾಂ ಆಸುಪಾಸಿಗೆ ಏರಿದಾಗ ಅಂಡ ಹೊರಬರುತ್ತಿದೆ ಎಂದರ್ಥ. ಅಲ್ಲಿಂದ 63 ಎಣಿಸಬೇಕು.

ಇದನ್ನು ಯಾರೂ ಮಾಡಿಸಿರುವುದಿಲ್ಲ, ನನಗೆ ಗೊತ್ತು. ಗಬ್ಬ ನಿಂತ ಮೇಲೆಯೇ ಎಲ್ಲರಿಗೂ ಎಚ್ಚರ. ಆಗ ಉಳಿಯುವುದು ಕೊನೆಯ ವಾರದ ಕಾವಲು. ಮಾಮೂಲಿ ಡಿಜಿಟಲ್ ಥರ್ಮಾಮೀಟರಿಗೆ ವ್ಯಾಸಲೀನ್ ಸವರಿ ಗುದದ್ವಾರದಲ್ಲಿ ದಿನಕ್ಕೆ ಮೂರು ಸಲ ಜ್ವರ ನೋಡಬೇಕು. ಆ ಥರ್ಮಾಮೀಟರನ್ನು ನಾಯಿಗೇ ಮೀಸಲಿಡಿ. ನಾಯಿಯ ಮೈಶಾಖ ನಮಗಿಂತ ಹೆಚ್ಚು, ಸಾಮಾನ್ಯವಾಗಿ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿಯೇ ಇರುತ್ತದೆ. ಗಬ್ಬದ ಕೊನೆಗೆ ಸ್ವಲ್ಪ ಇಳಿದು, ಹೆರಿಗೆಗೆ ಒಂದು ದಿನ ಇರುವಾಗ 99ಕ್ಕಿಂತ ಕೆಳಗೆ ಬೀಳುತ್ತದೆ. ಕೆಲವು ಗಂಟೆಗಳ ನಂತರ ಮತ್ತೆ ಏರಿಬಿಡುವುದರಿಂದ ದಿನಕ್ಕೆ ಒಂದೇ ಸಲ ನೋಡಿದರೆ ಕಣ್ಣು ತಪ್ಪುತ್ತದೆ. ಶಾಖ ಇಳಿಯುವುದಕ್ಕೆ ಕಾರಣ ಅದೇ ಪ್ರೊಜೆಸ್ಟರಾನ್ ಕುಸಿಯುವುದು. ರಕ್ತದಲ್ಲಿ ಅದು 2 ನ್ಯಾನೋಗ್ರಾಂಗಿಂತ ಕಡಿಮೆಯಾಗಿದ್ದರೆ ಮರಿಗಳು ಬಲಿತಿವೆ, ಒಂದು ದಿನದೊಳಗೆ ಹೆರಿಗೆ ಆಗುತ್ತದೆ ಎಂದು ತಿಳಿದು ಧೈರ್ಯವಾಗಿ ಶಸ್ತ್ರಚಿಕಿತ್ಸೆ ಮಾಡಬಹುದು. ಅಲ್ಟ್ರಾಸೌಂಡಿನಲ್ಲಿ ಮರಿಗಳ ಎದೆಬಡಿತವನ್ನೂ ನೋಡುತ್ತಾರೆ. ನಿಮಿಷಕ್ಕೆ 200ಕ್ಕೂ ಹೆಚ್ಚಿದ್ದರೆ ಮರಿ ಸುಖವಾಗಿದೆ. 180ಕ್ಕಿಂತ ಇಳಿದರೆ ಅದು ಕಷ್ಟದಲ್ಲಿದೆ. 160ಕ್ಕೂ ಕಡಿಮೆಯಾದರೆ ಕಾಯುವಂತಿಲ್ಲ.

ಪಶುವೈದ್ಯರನ್ನು ಕೇಳಬೇಕಾದದ್ದು

ಗಬ್ಬ ಖಚಿತವಾದ ದಿನವೇ ಒಮ್ಮೆ ಹೋಗಿ ಮಾತನಾಡಿ. ಕೇಳಲು ಸಂಕೋಚ ಬೇಡ. ರಾತ್ರಿ ಕರೆದರೆ ಬರುವಿರಾ, ನೀವು ಊರಲ್ಲಿಲ್ಲದಿದ್ದರೆ ಯಾರು, ಮರಿಗಳನ್ನು ಒರೆಸಿ ಉಸಿರಾಡಿಸಲು ಎಷ್ಟು ಜನ ಇರುತ್ತಾರೆ, ಖರ್ಚು ಎಷ್ಟು? ಬೆಂಗಳೂರಿನ ಹೆಬ್ಬಾಳದಲ್ಲಿ, ಹಾಸನ, ಶಿವಮೊಗ್ಗ, ಬೀದರ್, ಗದಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರವಿರುವವರು ಅಲ್ಲಿನ ಆಸ್ಪತ್ರೆಯ ವೇಳೆಯನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಬಹುದು. ಎರಡು ಫೋನ್ ನಂಬರು ದೊಡ್ಡಕ್ಷರದಲ್ಲಿ ಗೋಡೆಯ ಮೇಲಿರಲಿ.

ಅರಿವಳಿಕೆಯ ಪ್ರಶ್ನೆಯನ್ನು ತಪ್ಪದೆ ಕೇಳಿ. ನಮ್ಮಲ್ಲಿ ಈಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ತಾಯಿ ಎಚ್ಚರವಾಗಿರುವಾಗಲೇ ಸಿಸೇರಿಯನ್ ಮಾಡುತ್ತೇವೆ. ನಾಯಿ ಹಾಗೆ ಮಲಗಿರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಪೂರ್ತಿ ಮಲಗಿಸಲೇಬೇಕು. ತಾಯಿಯ ರಕ್ತಕ್ಕೆ ಹೋದ ಮದ್ದು ಮರಿಗೂ ಹೋಗುತ್ತದೆ. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರೊಪೋಫಾಲ್, ಐಸೊಫ್ಲುರೇನ್ ಬಳಸಿದಲ್ಲಿ ಹೆಚ್ಚು ಮರಿಗಳು ಉಳಿದವು. ಜೈಲಜೀನ್ ಎಂಬ ಮದ್ದು ಬಳಸಿದಲ್ಲಿ ಹೆಚ್ಚು ಸತ್ತವು. ಮೊದಲೇ ಗೊತ್ತುಮಾಡಿ ಮಾಡಿದ್ದಕ್ಕಿಂತ ತುರ್ತಾಗಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಮರಿಗಳ ನಷ್ಟ ಹೆಚ್ಚು ಎಂದೂ ಅದೇ ಅಧ್ಯಯನ ಹೇಳಿತು. ಜೈಲಜೀನ್ ಅಗ್ಗ, ಎಲ್ಲೆಡೆ ಸಿಗುತ್ತದೆ, ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಆದ್ದರಿಂದಲೇ "ಗ್ಯಾಸ್ ಅರಿವಳಿಕೆ ಇದೆಯೇ, ಆಮ್ಲಜನಕ ಇದೆಯೇ" ಎಂದು ಕೇಳಬೇಕು. ಇಲ್ಲ ಎಂದರೆ ಇರುವ ಕಡೆ ಎಷ್ಟು ದೂರ ಎಂದು ವಿಚಾರಿಸಿ. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ.

ಹಿಂದಿನ ರಾತ್ರಿಯಿಂದ ಊಟ ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದನ್ನೂ ಅವರಿಂದಲೇ ಕೇಳಿ. ಹೊಟ್ಟೆ ತುಂಬಿದ್ದರೆ ವಾಂತಿ ಶ್ವಾಸನಾಳಕ್ಕೆ ಹೋಗುವ ಭಯ. ತೀರ ಪುಟ್ಟ ನಾಯಿಯನ್ನು ಬಹಳ ಹೊತ್ತು ಉಪವಾಸ ಕೆಡವಿದರೆ ರಕ್ತದ ಸಕ್ಕರೆ ಇಳಿಯುವ ಭಯ. ಎರಡರ ನಡುವಿನ ಹದ ನಾಯಿಯನ್ನು ನೋಡಿಯೇ ಹೇಳಬೇಕು.

ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ, ಒಗೆದ ಹತ್ತಾರು ಹಳೆ ಟವೆಲ್ಲು, ಬಟ್ಟೆ ಸುತ್ತಿದ ಬಿಸಿನೀರಿನ ಬ್ಯಾಗು ಒಯ್ಯಿರಿ. ಮನೆಯಿಂದ ಇಬ್ಬರಾದರೂ ಹೋಗಿ. ನಾಯಿಯ ಗರ್ಭಕೋಶ ನಮ್ಮದರಂತೆ ಒಂದೇ ಚೀಲವಲ್ಲ. ಎರಡು ಉದ್ದನೆಯ ಕೊಂಬುಗಳಲ್ಲಿ ಅವರೆಕಾಯಿಯೊಳಗಿನ ಕಾಳಿನಂತೆ ಮರಿಗಳು ಸಾಲಾಗಿರುತ್ತವೆ. ಒಂದರ ಹಿಂದೆ ಒಂದು ಬೇಗ ಬೇಗ ಹೊರಬರುವುದರಿಂದ ಒರೆಸುವ ಕೈಗಳು ಸಾಲುವುದಿಲ್ಲ. ಚಿನ್ನಿಯ ಒಂದು ಮರಿಯನ್ನು ಉಜ್ಜಿದ್ದು ನಾನೇ. ಮೂಗು ಬಾಯಿಯ ಲೋಳೆ ತೆಗೆದು, ಒಣ ಟವೆಲ್ಲಿನಿಂದ ಬೆನ್ನು ಎದೆಯನ್ನು ಉಜ್ಜುತ್ತಲೇ ಇರಬೇಕು. ಹಿಂದೆ ಮರಿಯನ್ನು ತಲೆಕೆಳಗೆ ಹಿಡಿದು ಬೀಸುತ್ತಿದ್ದರು. ಈಗ ಅದನ್ನು ಬಿಟ್ಟಿದ್ದಾರೆ, ಮಿದುಳಿಗೆ ಪೆಟ್ಟಾಗುತ್ತದೆ.

ಕಾಯಬಾರದ ಲಕ್ಷಣಗಳು

ಎಷ್ಟೇ ಗೊತ್ತುಮಾಡಿಟ್ಟರೂ ನಾಯಿ ತನ್ನಷ್ಟಕ್ಕೆ ನಡುರಾತ್ರಿ ನೋವು ತಿನ್ನಬಹುದು. ಜೋರಾಗಿ ಮುಕ್ಕಲು ಆರಂಭಿಸಿ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ, ಒಂದು ಮರಿ ಬಂದು ಎರಡು ಗಂಟೆಯಾದರೂ ಇನ್ನೊಂದು ಬಾರದಿದ್ದರೆ, ಮೈಶಾಖ ಇಳಿದು ಒಂದು ದಿನ ಕಳೆದರೂ ನೋವು ಕಾಣದಿದ್ದರೆ ಹೊರಡಬೇಕು. ಮೊದಲ ಮರಿ ಬರುವ ಮುನ್ನ ಹಸಿರು ಅಥವಾ ಕಪ್ಪು ಹಸಿರು ಸ್ರಾವ ಕಂಡರಂತೂ ಒಂದು ನಿಮಿಷವೂ ನಿಲ್ಲಬೇಡಿ. ಆ ಬಣ್ಣ ಇರುವುದು ಮಾಸಿನ ಅಂಚಿನಲ್ಲಿ. ಅದು ಹೊರಗೆ ಕಂಡಿತೆಂದರೆ ಮಾಸು ಕಳಚುತ್ತಿದೆ, ಯಾವುದೋ ಮರಿಗೆ ಉಸಿರು ಕಡಿಮೆಯಾಗುತ್ತಿದೆ. ಮರಿ ಬಂದ ಮೇಲೆ ಅದೇ ಹಸಿರು ಸಹಜ. ಮೇಷ್ಟರ ಮನೆಯಲ್ಲಿ ಅದು ಸಂಜೆ 7 ಗಂಟೆಗೇ ಕಂಡಿತ್ತಂತೆ. "ಏನೋ ಹುಲ್ಲು ತಿಂದಿರಬೇಕು" ಎಂದುಕೊಂಡಿದ್ದರು.

ಮನೆಗೆ ಬಂದ ಮೇಲೆ

ಅರಿವಳಿಕೆಯ ಮಂಪರು ಇಳಿಯುವವರೆಗೆ ತಾಯಿಯ ಬಳಿ ಮರಿಗಳನ್ನು ಬಿಟ್ಟು ಎದ್ದು ಹೋಗಬಾರದು. ಮಲಗಿದ್ದವಳು ಏಳುವಷ್ಟರಲ್ಲಿ ಮೂರು ಅಪರಿಚಿತ ಪ್ರಾಣಿಗಳು ಪಕ್ಕದಲ್ಲಿ ಕುಂಯ್‌ಗುಟ್ಟುತ್ತಿದ್ದರೆ ಅವಳಿಗೆ ತನ್ನವೆಂದು ಹೇಗೆ ತಿಳಿಯಬೇಕು? ಕೆಲವು ನಾಯಿಗಳು ಕಚ್ಚುತ್ತವೆ, ಕೆಲವು ಮೈಮೇಲೆ ಒರಗಿಬಿಡುತ್ತವೆ. ನೀವು ಹಿಡಿದುಕೊಂಡು ಮರಿಗಳನ್ನು ಮೊಲೆಗೆ ಹಚ್ಚಿ. ಮೊದಲ ದಿನದ ಗಿಣ್ಣು ಬಹು ಮುಖ್ಯ. ಮನುಷ್ಯರ ಶಿಶುವಿಗೆ ತಾಯಿಯ ರೋಗನಿರೋಧಕ ಶಕ್ತಿ ಬಹುಪಾಲು ಹೊಟ್ಟೆಯಲ್ಲೇ ಬಂದಿರುತ್ತದೆ. ನಾಯಿಮರಿಗೆ ಹತ್ತರಲ್ಲಿ ಒಂದು ಪಾಲೂ ಹಾಗೆ ಬರುವುದಿಲ್ಲ. ಉಳಿದದ್ದೆಲ್ಲ ಗಿಣ್ಣಿನಿಂದ, ಅದೂ ಮೊದಲ 24 ಗಂಟೆಯೊಳಗೆ. ಹಾಲು ಸಾಲದಿದ್ದರೆ ಬರಿ ಹಸುವಿನ ಹಾಲು ಸಾಕಾಗುವುದಿಲ್ಲ. ನಾಯಿಯ ಹಾಲಿನಲ್ಲಿ ಪ್ರೊಟೀನೂ ಕೊಬ್ಬೂ ಅದರ ಎರಡರಷ್ಟಕ್ಕೂ ಹೆಚ್ಚು. ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ತರಿಸಿಡಿ.

ಮೊದಲ ವಾರ ಮರಿಗಳಿಗೆ ನಡುಗುವ ಶಕ್ತಿಯೂ ಇಲ್ಲ. ಪೆಟ್ಟಿಗೆಯಲ್ಲಿ 85ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿರಲಿ. ಒಂದು ಬದಿ ತಂಪಾಗಿರಲಿ, ತಾಯಿಗೂ ಸೆಕೆಯಾಗಬಾರದು. ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮೊದಲ ದಿನ ಸ್ವಲ್ಪ ಇಳಿಯಬಹುದು. ಆಮೇಲೂ ಇಳಿಯುತ್ತಿದ್ದರೆ ಅದು ಕಾಯಿಲೆಯ ಮೊದಲ ಗುರುತು. ತಾಯಿಗೆ ನೋವೆಂದು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆ ಕೊಡಲೇಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವವಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಚಿನ್ನಿ ಗಬ್ಬವಾದ ಹೊಸತರಲ್ಲಿ ಮೇಷ್ಟರ ಮನೆಯವರು ಬಿ.ಪಿ. ತೋರಿಸಲು ಬಂದಿದ್ದಾಗ "ಅವಳಿಗೂ ಕ್ಯಾಲ್ಸಿಯಂ ಕೊಡಬಹುದಾ ಡಾಕ್ಟ್ರೇ?" ಎಂದು ಕೇಳಿದ್ದರು. ಬಸುರಿಯರಿಗೆ ದಿನವೂ ಬರೆದುಕೊಡುವ ಕೈ. "ಕೊಡಿ ಅಮ್ಮಾ, ಅದರಿಂದೇನು ತೊಂದರೆ" ಎಂದುಬಿಟ್ಟೆ. ಅವರು ಹೆರಿಗೆಯ ದಿನದವರೆಗೆ ತಪ್ಪದೆ ಕೊಟ್ಟರು. ಹೆರಿಗೆಯಾಗಿ 18ನೇ ದಿನ ಚಿನ್ನಿ ಏದುಸಿರು ಬಿಡುತ್ತಾ ಅತ್ತಿತ್ತ ಓಡಾಡಿ, ಕಾಲು ಸೆಟೆದು, ಮೈಯೆಲ್ಲ ನಡುಗಿ ಬಿದ್ದುಬಿಟ್ಟಿತು. ರಕ್ತದ ಕ್ಯಾಲ್ಸಿಯಂ ಕುಸಿದಿತ್ತು. ಪುಟ್ಟ ನಾಯಿಗಳಲ್ಲಿ ಹಾಲುಣಿಸುವ ಮೊದಲ ನಾಲ್ಕು ವಾರಗಳಲ್ಲಿ ಬರುವ ಈ ನಂಜಿಗೂ ನಮ್ಮ ಬಸುರಿಯರ ನಂಜಿಗೂ ಹೆಸರು ಒಂದೇ, ಕಾಯಿಲೆ ಬೇರೆ. ಗಬ್ಬದ ಕಾಲದಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಸುರಿದರೆ, ಮೂಳೆಯಿಂದ ಅದನ್ನು ಹೊರತೆಗೆಯುವ ಕತ್ತಿನ ಗ್ರಂಥಿ ಕೆಲಸವಿಲ್ಲದೆ ಮಲಗಿಬಿಡುತ್ತದೆ. ಮೂರು ಮರಿಗಳು ಹಾಲು ಹೀರತೊಡಗಿ ದಿಢೀರನೆ ಕ್ಯಾಲ್ಸಿಯಂ ಬೇಕಾದಾಗ ಅದು ಏಳುವುದಿಲ್ಲ. ಪಶುವೈದ್ಯರು ಹೃದಯಬಡಿತ ಆಲಿಸುತ್ತಾ ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರು, ಅದೂ ಉಳಿಯಿತು. ಮರಿಗಳನ್ನು ಒಂದು ದಿನ ತಾಯಿಯಿಂದ ಬೇರೆ ಇರಿಸಿ ಪುಡಿ ಹಾಲು ಹಾಕಿದ್ದಾಯಿತು. ಗಬ್ಬದಲ್ಲಿ ಒಳ್ಳೆಯ ಸಮತೋಲನದ ಆಹಾರವಷ್ಟೇ ಸಾಕು. ಕ್ಯಾಲ್ಸಿಯಂ ಬೇಕಾದರೆ ಹೆರಿಗೆಯ ನಂತರ, ಪಶುವೈದ್ಯರು ಹೇಳಿದಷ್ಟು.

ಸಿಸೇರಿಯನ್ ಆಗುವಾಗಲೇ ಗರ್ಭಕೋಶ ತೆಗೆದುಬಿಡಬಹುದೇ ಎಂದು ಮೇಷ್ಟರು ಮರಿಗಳು ಬೆಳೆದ ಮೇಲೆ ಕೇಳಿದರು. ತೆಗೆಯಬಹುದು, ಅದರಿಂದ ಹಾಲು ನಿಲ್ಲುವುದಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಹೊತ್ತು ಹೆಚ್ಚುತ್ತದೆ, ರಕ್ತನಷ್ಟವೂ ಸ್ವಲ್ಪ ಹೆಚ್ಚು. ಆದ್ದರಿಂದ ಅದನ್ನೂ ನಾಯಿಯ ಸ್ಥಿತಿ ನೋಡಿ ಮುಂಚಿತವಾಗಿಯೇ ನಿಶ್ಚಯಿಸಬೇಕು. ನಡುರಾತ್ರಿ ಹೊಟ್ಟೆ ತೆರೆದು ಮಲಗಿಸಿದ್ದಾಗ ಆ ಮಾತು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಚಿನ್ನಿಗೆ ಅದನ್ನು ಮರಿಗಳು ಹಾಲು ಬಿಟ್ಟ ಮೇಲೆ ಬೇರೆಯಾಗಿ ಮಾಡಿಸಿದರು.